ಬಿಚ್ಚದ ಬುತ್ತಿ

ಜೀವನದಲ್ಲಿ ನೀವು ತುಂಬಾ ಶ್ರದ್ಧೆಯಿಂದ ಮಾಡಿದ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ, ಮಕ್ಕಳನ್ನು ಸಾಕಿದ್ದು ಎಂದು ಹೇಳಬೇಕು. ಅದು ಸುಳ್ಳು. ನಾನು ಮೈಯೆಲ್ಲ ಕಣ್ಣಾಗಿ ಮಾಡಿದ ಒಂದೇ ಕೆಲಸವೆಂದರೆ ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ಶನಿವಾರದ ತಿರುಗಾಟಕ್ಕೆ ಹಾಕಿದ ಪ್ಲ್ಯಾನು. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂಬದಿಯಲ್ಲಿ ಬರೆದಿದ್ದೆ. ಬಸವೇಶ್ವರನಗರದಿಂದ ಹೊರಟು ರಾಜಾಜಿನಗರ, ಅಲ್ಲಿಂದ ಮಾಗಡಿ ರಸ್ತೆ ದಾಟಿ ವಿಜಯನಗರ. ಎಲ್ಲಿ ಸೀರೆ, ಎಲ್ಲಿ ಬಳೆ, ಎಲ್ಲಿ ಪಾತ್ರೆ, ಎಷ್ಟು ಗಂಟೆಗೆ ಕಾಫಿ, ಎಷ್ಟು ಗಂಟೆಗೆ ಊಟ, ಎಲ್ಲ ಇತ್ತು. ನೋಡಿದವರಿಗೆ ಅದು ಬೀಗರ ಸತ್ಕಾರ. ಅದು ನನ್ನ ಗಂಡನ ಅಕ್ಕನ ಮುಖಕ್ಕೆ ಮಸಿ ಬಳಿಯುವ ಪ್ಲ್ಯಾನು ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

ನಾನು ರಾಣೆಬೆನ್ನೂರಿನ ಹತ್ತಿರದ ಹಳ್ಳಿಯವಳು. ಮದುವೆಯಾಗಿ ಬಂದದ್ದು ರಾಜಾಜಿನಗರದ ಒಂದು ಮನೆಯ ಹಿಂಭಾಗದ ಪೋರ್ಷನ್ನಿಗೆ. ಎರಡು ಕೋಣೆ, ಮಾಲೀಕರಿಗೂ ನಮಗೂ ಸೇರಿ ಒಂದೇ ನಲ್ಲಿ, ಅದರಲ್ಲಿ ಬೆಳಿಗ್ಗೆ ಐದರಿಂದ ಆರೂವರೆ ತನಕ ನೀರು. ಗಂಡನಿಗೆ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ಅವರೂ ನಮ್ಮವರೇ, ಲಿಂಗಾಯತರೇ. ಆದರೆ ತುಮಕೂರಿನ ಕಡೆಯಿಂದ ಬಂದು ಬೆಂಗಳೂರಿನಲ್ಲಿ ನೆಲೆಯೂರಿ ಎರಡು ತಲೆಮಾರಾಗಿತ್ತು. ಲಿಂಗಪೂಜೆ, ನೇಮ ಎಲ್ಲ ಆ ಮನೆಯಲ್ಲಿ ಅಜ್ಜನ ಫೋಟೋದ ಜೊತೆಗೆ ಗೋಡೆ ಸೇರಿತ್ತು.

ನನ್ನ ಗಂಡನ ಅಕ್ಕ ಆ ಕುಟುಂಬದ ದೊಡ್ಡ ಮಗಳು. ಎಲ್ಲರೂ ಅವಳ ಮಾತಿಗೆ ತಲೆಯಾಡಿಸುವವರೇ. ನನ್ನ ಭಾಷೆ ಅವಳಿಗೆ ತಮಾಷೆ, ನಾನು ಸೀರೆ ಉಡುವ ರೀತಿ ತಮಾಷೆ, ನಾನು ರೊಟ್ಟಿ ಬಡಿಯುವ ಸದ್ದು ತಮಾಷೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇದ್ದರೂ ಅವೆಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡೆ. ಒಂದನ್ನು ಮಾತ್ರ ಹಾಕಿಕೊಳ್ಳಲಾಗಲಿಲ್ಲ.

ಅದು ನಮ್ಮವ್ವನ ವಿಷಯ.

ಅವ್ವ ಬೆಂಗಳೂರಿಗೆ ಬಂದದ್ದು ಒಂದೇ ಸಲ, ನನ್ನ ಮೊದಲ ಮಗುವಿಗೆ ಹತ್ತು ತಿಂಗಳಾಗಿದ್ದಾಗ. ಅವಳು ಕಟ್ಟುನಿಟ್ಟಿನ ನೇಮದವಳು. ಬೆಳಿಗ್ಗೆ ಸ್ನಾನ ಮಾಡಿ, ಕೊರಳಿನ ಲಿಂಗವನ್ನು ಅಂಗೈ ಮೇಲಿಟ್ಟು ಪೂಜೆ ಮುಗಿಸದೆ ಬಾಯಿಗೆ ನೀರೂ ಹಾಕುತ್ತಿರಲಿಲ್ಲ. ಮೈಮೇಲೆ ಲಿಂಗವಿದ್ದವರು, ದಿನಾ ಅದರ ಪೂಜೆ ಮಾಡುವವರು ಬೇಯಿಸಿದ್ದನ್ನು ಬಿಟ್ಟು ಬೇರೆ ಉಣ್ಣುತ್ತಿರಲಿಲ್ಲ. ಹೋಟೆಲಿನ ಮಾತಂತೂ ದೂರವೇ ಉಳಿಯಿತು. ಅವಳು ಬರುತ್ತಾಳೆಂದು ನಾನು ಮನೆಯನ್ನೆಲ್ಲ ಸಿದ್ಧ ಮಾಡಿದೆ. ಸೀಮೆಎಣ್ಣೆ ಸ್ಟೌವ್ ಉಜ್ಜಿದೆ, ಹೊಸ ವಿಭೂತಿ ಗಟ್ಟಿ ತರಿಸಿದೆ, ಟ್ರಂಕಿನ ತಳದಲ್ಲಿದ್ದ ನನ್ನ ಬೆಳ್ಳಿ ಕರಡಿಗೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ, ಲಿಂಗವನ್ನು ಅದರೊಳಗಿಟ್ಟು ಕೊರಳಿಗೆ ಹಾಕಿಕೊಂಡೆ. ಬೆಂಗಳೂರಿಗೆ ಬಂದ ವರ್ಷದೊಳಗೇ ಅದನ್ನು ತೆಗೆದಿಟ್ಟಿದ್ದೆ. ನಲ್ಲಿ ನೀರಿನ ಗಡಿಬಿಡಿ, ಗಂಡನ ಡಬ್ಬಿ, ಬಸುರಿ, ಬಾಣಂತಿ ಎಂದು ಒಂದೊಂದು ದಿನ ಒಂದೊಂದು ನೆಪ. ಅವ್ವನ ಮನಸ್ಸಿಗೆ ನೋವಾಗಬಾರದು ಎಂದು ಆ ದಿನಗಳ ಮಟ್ಟಿಗೆ ಹಾಕಿಕೊಂಡೆ.

ಹನ್ನೊಂದು ದಿನ ಇದ್ದಳು. ಬಂದ ದಿನದಿಂದಲೇ ಒಲೆಯ ಮುಂದೆ ಅವಳೇ. ನಾನು ಅಕ್ಕಿ ತೊಳೆಯಲು ಹೋದರೂ ಕೈಯಿಂದ ಕಿತ್ತುಕೊಳ್ಳುತ್ತಿದ್ದಳು.

"ನೀ ಕುಂದ್ರವ್ವಾ. ದಿನಾ ಮಾಡೋದು ಇದ್ದದ್ದ ಐತಿ ನಿನಗ. ನಾ ಇರೋತನಕ ನಾನ ಮಾಡ್ತೀನಿ."

ತವರಿನ ಸುಖ ಮನೆಗೇ ಬಂದಿದೆ ಎಂದು ನಾನು ಕಾಲು ಚಾಚಿ ಕೂತು ಮಗುವಿಗೆ ಹಾಲೂಡಿಸಿದೆ.

ಎಂಟನೆಯ ದಿನ ಗಂಡನ ಅಕ್ಕ ಬಂದು, "ನಿಮ್ಮಮ್ಮಂಗೆ ಊರು ತೋರಿಸಬೇಡ್ವೇನೇ? ನಾಳೆ ನಾವು ಮೂರು ಜನ ವಿಜಯನಗರಕ್ಕೆ ಪಾತ್ರೆ ತರೋಕೆ ಹೋಗ್ತಿದ್ದೀವಿ, ಕಳಿಸು" ಎಂದಳು. ಮಗುವಿಗೆ ಜ್ವರ, ನಾನು ಹೋಗುವ ಹಾಗಿರಲಿಲ್ಲ. ಮರುದಿನ ಅವ್ವ ಏಳುವ ಮೊದಲೇ ಎದ್ದು ನಾಲ್ಕು ಜೋಳದ ರೊಟ್ಟಿ ಬಡಿದೆ, ಎಣ್ಣೆಗಾಯಿ ಮಾಡಿದೆ, ಶೇಂಗಾ ಚಟ್ನಿಪುಡಿ ಹಾಕಿದೆ, ಬಿಳಿ ಅರಿವೆಯಲ್ಲಿ ಬುತ್ತಿ ಕಟ್ಟಿ ಎರಡು ಗಂಟು ಹಾಕಿದೆ. ಆ ಹನ್ನೊಂದು ದಿನಗಳಲ್ಲಿ ಅವ್ವನಿಗಾಗಿ ನಾನು ಮಾಡಿದ ಅಡಿಗೆ ಅದೊಂದೇ. ಅವ್ವ ಬುತ್ತಿಯನ್ನೂ ನನ್ನನ್ನೂ ಸ್ವಲ್ಪ ಹೊತ್ತು ನೋಡಿ, ತಲೆ ಸವರಿ, ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದಳು.

ಸಂಜೆ ಆರೂವರೆಗೆ ಬಂದಳು. ಮುಖ ಬಾಡಿತ್ತು, ಪಾದ ಊದಿತ್ತು. ಬುತ್ತಿ ಹಾಗೇ ಇತ್ತು, ನಾನು ಹಾಕಿದ ಎರಡು ಗಂಟೂ ಬಿಚ್ಚಿರಲಿಲ್ಲ. ಯಾಕವ್ವಾ ಎಂದೆ. "ಹಸಿವಾಗಲಿಲ್ಲವ್ವಾ. ಊರು ಭಾಳ ಚಲೋ ಐತಿ" ಎಂದಳು. ಕೈಕಾಲು ತೊಳೆದು, ತಾನೇ ಒಂದು ಹಿಡಿ ಅಕ್ಕಿ ಬೇಯಿಸಿಕೊಂಡು, ಮಜ್ಜಿಗೆ ಹಾಕಿ ಉಂಡಳು. ರೊಟ್ಟಿಯನ್ನು ಬೀದಿಯ ಆಕಳಿಗೆ ಹಾಕಿದಳು. ಎರಡು ದಿನ ಕಳೆದು ಊರಿಗೆ ಹೋದಳು. ದೀಪಾವಳಿಗೆ ಮೊದಲೇ ತೀರಿಕೊಂಡಳು.

ಮರುವರ್ಷ ಗಂಡನ ಅಕ್ಕ ಬಸವೇಶ್ವರನಗರದಲ್ಲಿ ಸ್ವಂತ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದಳು. ಊಟವಾದ ಮೇಲೆ ಹೆಂಗಸರೆಲ್ಲ ಹೊಸ ಮೊಸಾಯಿಕ್ ನೆಲದ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ನಾನು ಮೂಲೆಯಲ್ಲಿ ತಾಂಬೂಲದ ಚೀಲಕ್ಕೆ ತೆಂಗಿನಕಾಯಿ ತುಂಬುತ್ತಿದ್ದೆ. ಅವಳು ಕಥೆ ಶುರು ಮಾಡಿದಳು.

"ಇವಳ ಅಮ್ಮನ್ನ ಒಂದ್ಸಲ ವಿಜಯನಗರದ ಪಾತ್ರೆ ಅಂಗಡಿ ಹತ್ರದ ಹೋಟೆಲ್‌ಗೆ ಕರ್ಕೊಂಡ್ಹೋದ್ರೆ ಒಳಗೇ ಬರ್ಲಿಲ್ಲ ಕಣ್ರೀ. ಹೊರಗಡೆ ಬೆಂಚ್ ಮೇಲೆ ಗಂಟು ತೊಡೆ ಮೇಲಿಟ್ಕೊಂಡು ಕೂತ್ರು. ನಮಗೂ ಒಳ್ಳೇದೇ ಆಯ್ತು ಬಿಡಿ, ಬ್ಯಾಗ್ ಕಾಯೋಕೆ ಒಬ್ರು ಸಿಕ್ಕಿದ್ರು! ಆರಾಮಾಗಿ ಎರಡೆರಡು ಮಸಾಲೆದೋಸೆ ಹೊಡೆದು ಬಂದ್ವಿ."

ಎಲ್ಲರೂ ನಕ್ಕರು. ಅವಳೂ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ನಾನು ಕೈಯಲ್ಲಿದ್ದ ತೆಂಗಿನಕಾಯಿಯನ್ನು ಅವಳ ಹೊಸ ನೆಲಕ್ಕೆ ಅಪ್ಪಳಿಸಬೇಕೆಂದುಕೊಂಡೆ. ಅಪ್ಪಳಿಸಲಿಲ್ಲ, ಚೀಲಕ್ಕೆ ಹಾಕಿದೆ. ಬಿಚ್ಚದ ಗಂಟಿನ ಅರ್ಥ ಆಗ ಆಯಿತು. ಬೀದಿಯಲ್ಲಿ ರೊಟ್ಟಿ ಬಿಚ್ಚಿ ತಿಂದರೆ ತನ್ನ ಮಾನ ಹೋಗುತ್ತದೆಂದು ಇವಳು ಬಿಡಲಿಲ್ಲ. ಬಿಟ್ಟಿದ್ದರೆ ಅವ್ವ ಮಗಳು ಮಾಡಿದ ರೊಟ್ಟಿಯನ್ನು ತಿನ್ನದೆ ಇರುತ್ತಿದ್ದಳೇ? ಬೆಳಗಿನಿಂದ ಸಂಜೆಯವರೆಗೆ, ಮಡಿಲಲ್ಲಿ ಬುತ್ತಿ ಇದ್ದೂ, ಇವರ ಚೀಲ ಕಾಯುತ್ತಾ ನನ್ನವ್ವ ಹಸಿದು ಕೂತಿದ್ದಳು. ಅವತ್ತೇ ಮನಸ್ಸಿನಲ್ಲಿ ಹೇಳಿಕೊಂಡೆ: ಅದೇ ಬೆಂಚಿನ ಮೇಲೆ, ಅದೇ ಹೊತ್ತಿಗೆ, ನಿನ್ನನ್ನು ಚೀಲ ಕಾಯಲು ಕೂರಿಸದಿದ್ದರೆ ನಾನು ಅವ್ವನ ಮಗಳೇ ಅಲ್ಲ.

ಎರಡು ವರ್ಷ ಕಾದೆ. ಅವಳ ಮನೆಗೆ ಹೋದಾಗ ನಗುನಗುತ್ತಾ ಕಾಫಿ ಕುಡಿದೆ, ಅವಳು ಕೊಟ್ಟ ಹಳೆಯ ನೈಲೆಕ್ಸ್ ಸೀರೆಯನ್ನು ಉಟ್ಟೆ. ಕೋಪ ಆರಲಿಲ್ಲ.

ಅವಳ ಮಗಳಿಗೆ ಸಂಬಂಧ ಕೂಡಿಬಂತು. ಹುಡುಗ ದಾವಣಗೆರೆಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ, ಮನೆತನ ಹಾವೇರಿಯ ಕಡೆಯದು. ಮಾತುಕತೆಯನ್ನೆಲ್ಲ ಗಂಡಸರೇ ನಡೆಸಿದ್ದರು. ಈಗ ಹುಡುಗನ ತಾಯಿ ಮತ್ತು ಅಕ್ಕ ಬೆಂಗಳೂರಿಗೆ ಬಂದು ಮನೆ ನೋಡಿ, ಮನಸ್ಸಿಗೆ ಬಂದರೆ ನಿಶ್ಚಿತಾರ್ಥದ ಸೀರೆಯನ್ನು ಇಲ್ಲೇ ಕೊಂಡು ಹೋಗುವುದು ಎಂದಾಯಿತು. ಗಂಡನ ಅಕ್ಕ ನನ್ನನ್ನು ಕರೆಸಿದಳು.

"ನೋಡೇ, ಅಂಗಡಿ ಬೀದಿ ಎಲ್ಲಾ ನಿನಗೇ ಚೆನ್ನಾಗಿ ಗೊತ್ತು. ಅವರಿಗೆ ಒಂದಿಡೀ ದಿನ ಸುತ್ತಾಡಿಸಬೇಕು, ಸೀರೆ ಪಾತ್ರೆ ಎಲ್ಲಾ ತೋರಿಸಬೇಕು, ಒಳ್ಳೆ ಕಡೆ ಊಟ ಹಾಕಿಸಬೇಕು. ಬೆಂಗಳೂರು ಅಂದ್ರೆ ಏನು ಅಂತ ಗೊತ್ತಾಗ್ಬೇಕು ಅವರಿಗೆ. ನೀನೇ ಒಂದು ಪ್ಲ್ಯಾನ್ ಹಾಕ್ಕೊಡು. ನೀನೂ ಜೊತೆಗೆ ಬಾ, ನಿಮ್ಮ ಕಡೆ ಮಾತು ಅವರದ್ದು."

ಸರಿ ಅಕ್ಕಾ ಎಂದೆ.

ಅವಳಿಗೆ ಗೊತ್ತಿಲ್ಲದ್ದು ನನಗೆ ಒಂದು ಗೊತ್ತಿತ್ತು. ಮಾತುಕತೆ ನಡೆಯುತ್ತಿದ್ದಾಗ ಊರಿಗೆ ಹೋಗಿದ್ದೆ, ಆಗ ಅಣ್ಣನ ಹೆಂಡತಿ ಈ ಮನೆತನದ ಸುದ್ದಿ ಎತ್ತಿದ್ದಳು. ಹುಡುಗನ ಅವ್ವ ಭಾರೀ ನೇಮದಾಕಿ, ನಿಮ್ಮವ್ವನ ಹಂಗ, ಹೊರಗಿನ ನೀರೂ ಮುಟ್ಟಂಗಿಲ್ಲ ಎಂದಿದ್ದಳು. ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಬೀಗಿತ್ತಿ ಪೂಜೆಯವರು, ಹೋಟೆಲ್ ಬೇಡ ಅಕ್ಕಾ, ಎಂದು. ನಾನು ತುಟಿ ಬಿಚ್ಚಲಿಲ್ಲ.

ಪ್ಲ್ಯಾನು ಹಾಕಲು ನನಗೆ ಒಂದು ವಾರ ಹಿಡಿಯಿತು. ಎರಡನೆಯ ಮಗುವನ್ನು ಎತ್ತಿಕೊಂಡು ಆ ದಾರಿಯನ್ನು ಎರಡು ಸಲ ನಡೆದೆ. ಆಟೋ ಬೇಡ, ನಡೆದೇ ಹೋಗೋಣ, ಹಾಗಾದರೆ ಬಡಾವಣೆಯನ್ನೆಲ್ಲ ತೋರಿಸಿದ ಹಾಗಾಗುತ್ತದೆ ಎಂದು ಅವಳನ್ನು ಒಪ್ಪಿಸಿದೆ. ಅವಳು ಬೀಗರಿಗಾಗಿ ಹೊಸ ಹೀಲ್ಸ್ ಚಪ್ಪಲಿ ತಂದಿದ್ದಳು. ಅದನ್ನೇ ಹಾಕಿಕೊಳ್ಳಿ ಅಕ್ಕಾ, ನಿಮ್ಮ ಎತ್ತರಕ್ಕೆ ಒಪ್ಪುತ್ತೆ ಎಂದು ಉಬ್ಬಿಸಿದೆ. ದಾರಿಯಲ್ಲಿ ಎಲ್ಲಿ ಜಲ್ಲಿ ಸುರಿದಿದ್ದಾರೆ, ಎಲ್ಲಿ ಒಳಚರಂಡಿಗೆ ಅಗೆದಿದ್ದಾರೆ ಎಂದು ನೋಡಿಕೊಂಡು ಆ ಬೀದಿಗಳನ್ನೇ ಆರಿಸಿದೆ. ಸೀರೆ ಅಂಗಡಿಗೆ ಹತ್ತೂವರೆ, ಬಳೆಗೆ ಹನ್ನೆರಡು, ವಿಜಯನಗರದ ಪಾತ್ರೆ ಅಂಗಡಿಗೆ ಹನ್ನೆರಡೂ ಮುಕ್ಕಾಲು, ಊಟಕ್ಕೆ ಒಂದೂವರೆ. ಹಸಿವು ಸರಿಯಾಗಿ ಕೆರಳಿದ ಹೊತ್ತಿಗೆ ಅದೇ ಹೋಟೆಲ್ ಮುಂದೆ ನಿಂತಿರಬೇಕು. ಎರಡನೆಯ ಸಲ ಹೋದಾಗ ಹೋಟೆಲಿನ ಮುಂದಿನ ಹೊಂಗೆ ಮರದ ಕೆಳಗೆ ಆ ಬೆಂಚನ್ನು ನೋಡಿದೆ. ಒಂದು ಕಾಲಿಗೆ ಇಟ್ಟಿಗೆ ಒತ್ತು ಕೊಟ್ಟಿದ್ದರು. ಅದರ ಮೇಲೆ ಕೂರಲು ಮನಸ್ಸಾಗಲಿಲ್ಲ, ಕೈಯಿಂದ ಮುಟ್ಟಿ ಬಂದೆ.

ಬುತ್ತಿಯೂ ಪ್ಲ್ಯಾನಿನಲ್ಲಿತ್ತು. ಅದನ್ನು ಹಾಳೆಯ ಮೇಲೆ ಬರೆದಿರಲಿಲ್ಲ, ಅಷ್ಟೆ. ಬೀಗಿತ್ತಿ ಹೋಟೆಲಿನ ಮೆಟ್ಟಿಲ ಮೇಲೆ ನಿಂತು ಬಿಡುತ್ತಾಳೆ. ಇವಳ ಮುಖ ಸುಟ್ಟ ಬದನೆಕಾಯಿ ಆಗುತ್ತದೆ. ಆಗ ನಾನು ಚೀಲದಿಂದ ಬುತ್ತಿ ತೆಗೆಯುತ್ತೇನೆ. ಬೀಗಿತ್ತಿ ನನ್ನ ಕೈಯ ರೊಟ್ಟಿ ಉಣ್ಣುತ್ತಾಳೆ, ಇವಳು ನೋಡುತ್ತಾ ಚೀಲ ಕಾಯುತ್ತಾಳೆ. ಇದನ್ನು ಎಷ್ಟು ಸಲ ಮನಸ್ಸಿನಲ್ಲಿ ನೋಡಿದ್ದೆನೆಂದರೆ, ಅವಳು ಯಾವ ಸೀರೆ ಉಟ್ಟಿರುತ್ತಾಳೆ ಎಂಬುದೂ ನನಗೆ ಮೊದಲೇ ಗೊತ್ತಿತ್ತು.

ಶನಿವಾರ ನಸುಕಿನಲ್ಲೇ ಎದ್ದು ಆರು ರೊಟ್ಟಿ ಬಡಿದೆ. ಎಣ್ಣೆಗಾಯಿ, ಚಟ್ನಿಪುಡಿ, ಸಣ್ಣ ಡಬ್ಬಿಯಲ್ಲಿ ಗಟ್ಟಿ ಮೊಸರು. ಅದೇ ಬಿಳಿ ಅರಿವೆ, ಎರಡು ಗಂಟು. ವೈರ್ ಬ್ಯಾಗಿನ ತಳದಲ್ಲಿಟ್ಟು ಮೇಲೆ ಟವೆಲ್ ಮುಚ್ಚಿದೆ.

ಹುಡುಗನ ತಾಯಿ ಸಣ್ಣ ಆಳು. ಹಣೆಯ ತುಂಬ ವಿಭೂತಿ, ಇಳಕಲ್ಲ ಸೀರೆ, ಕಾಲಲ್ಲಿ ಚರ್ಮದ ಚಪ್ಪಲಿ. ಮುಂಜಾನೆಯೇ ಬೀಗರ ಮನೆಯಲ್ಲಿ ಸ್ನಾನ, ಪೂಜೆ ಮುಗಿಸಿ, ತಾನು ತಂದಿದ್ದ ಅವಲಕ್ಕಿ ನೆನೆಸಿಕೊಂಡು ತಿಂದಿದ್ದಳಂತೆ. ಗಂಡನ ಅಕ್ಕ ಅದನ್ನು ಹಳ್ಳಿಯವರ ಸಂಕೋಚ ಎಂದುಕೊಂಡಿದ್ದಳು. "ನಮ್ಮ ತಿಂಡಿ ಮುಟ್ಟಲೇ ಇಲ್ಲ ಕಣೇ, ನಾಚಿಕೆ ಪಾಪ. ಮಧ್ಯಾಹ್ನ ಜೋರಾಗಿ ಊಟ ಹಾಕಿಸಿದ್ರೆ ಸರಿ ಹೋಗುತ್ತೆ" ಎಂದು ನನ್ನ ಕಿವಿಯಲ್ಲಿ ಹೇಳಿದಳು. ನಾನು ತಲೆಯಾಡಿಸಿದೆ. ಹುಡುಗನ ಅಕ್ಕ ಈಗಿನ ಕಾಲದವಳು, ಎರಡು ಇಡ್ಲಿ ಹೆಚ್ಚಾಗಿಯೇ ತಿಂದಿದ್ದಳು. ಮದುವೆಯ ಹುಡುಗಿಯನ್ನು ಮನೆಯಲ್ಲೇ ಬಿಟ್ಟು ನಾವು ನಾಲ್ವರು ಹೊರಟೆವು.

ಆಗ ಬಸವೇಶ್ವರನಗರದಲ್ಲಿ ಮನೆಗಿಂತ ಖಾಲಿ ಸೈಟೇ ಹೆಚ್ಚು. ಅಳತೆಯ ಕಲ್ಲು, ಮರಳಿನ ರಾಶಿ, ಇಟ್ಟಿಗೆ ರಾಶಿಯ ಮೇಲೆ ಮಲಗಿದ ನಾಯಿ. ಗಂಡನ ಅಕ್ಕ ಕೈ ಚಾಚಿ ಚಾಚಿ ಇದು ಯಾರ ಸೈಟು, ಅದು ಯಾರ ಸೈಟು ಎಂದು ತೋರಿಸುತ್ತಾ ನಡೆದಳು. ಎರಡನೆಯ ತಿರುವಿನಲ್ಲೇ ಹೀಲ್ಸ್ ಜಲ್ಲಿಗೆ ಸಿಕ್ಕಿತು. ಬೀಗಿತ್ತಿ ಮುಂದೆ ಸರಸರ ನಡೆಯುತ್ತಿದ್ದಳು, ಹೊಲಕ್ಕೆ ಹೋಗಿ ಬಂದ ಕಾಲು. ಇವಳು ಹಿಂದೆ ಕುಂಟುತ್ತಾ, "ಸ್ವಲ್ಪ ನಿಧಾನವಾಗಿ ಹೋಗೋಣ ಅಲ್ವಾ" ಎನ್ನುತ್ತಿದ್ದಳು. ನಾನು ಇಬ್ಬರ ನಡುವೆ ನಡೆದೆ. ಅಷ್ಟು ಹಗುರಾಗಿ ನಾನು ಯಾವತ್ತೂ ನಡೆದಿರಲಿಲ್ಲ.

ರಾಜಾಜಿನಗರದ ಸೀರೆ ಅಂಗಡಿಯಲ್ಲಿ ಗಾದಿಯ ಮೇಲೆ ಕೂತು ಒಂದೂವರೆ ಗಂಟೆ ಸೀರೆ ಬಿಡಿಸಿ ನೋಡಿದೆವು. ಬೀಗಿತ್ತಿ ಒಂದು ಗಿಣಿಹಸಿರು ಧರ್ಮಾವರದ ಸೀರೆಯನ್ನು ಕೈಯಲ್ಲಿ ಹಿಡಿದು, ಸೆರಗಿನ ಅಂಚನ್ನು ಬೆರಳಿನಿಂದ ಉಜ್ಜಿ ನೋಡಿ, "ಹುಡುಗಿ ಬಣ್ಣಕ್ಕ ಒಪ್ಪತೈತಿ. ಇದ ಇರಲ್ರಿ" ಎಂದಳು. ಅಂದರೆ ಸಂಬಂಧ ಒಪ್ಪಿಗೆಯಾಯಿತು. ಗಂಡನ ಅಕ್ಕನ ಕಣ್ಣು ತುಂಬಿ ಬಂತು. ಅವಳು ನನ್ನ ಕೈಯನ್ನು ಒತ್ತಿ ಹಿಡಿದಳು. ನಾನು ಹಿಡಿಸಿಕೊಂಡೆ, ಮನಸ್ಸು ಎಳ್ಳಷ್ಟೂ ಕರಗಲಿಲ್ಲ. ಅಂಗಡಿಯವರು ಕಾಫಿ ತರಿಸಿದರು. ಬೀಗಿತ್ತಿ ಬ್ಯಾಡ್ರಿ ಎಂದಳು. "ಸಂಕೋಚ ಮಾಡ್ಕೋಬೇಡಿ, ಅರ್ಧ ಲೋಟ ತಗೊಳ್ಳಿ" ಎಂದು ಗಂಡನ ಅಕ್ಕ ಬಲವಂತ ಮಾಡಿದಳು. ಬೀಗಿತ್ತಿ ಮುಗುಳ್ನಕ್ಕು ಲೋಟವನ್ನು ಪಕ್ಕಕ್ಕೆ ಸರಿಸಿದಳು. ಲಿಂಗಾಯತರ ಮನೆಯಲ್ಲಿ ಹುಟ್ಟಿ, ಹಣೆಯ ಮೇಲಿನ ಅಷ್ಟು ವಿಭೂತಿಯನ್ನು ಎದುರಿಗೆ ನೋಡುತ್ತಿದ್ದರೂ ಇವಳಿಗೆ ಹೊಳೆಯಲಿಲ್ಲ. ಮರೆವು ಅಷ್ಟು ಪೂರ್ತಿಯಾಗಿತ್ತು.

ಬಳೆ ಅಂಗಡಿ ಮುಗಿಸಿ ಮಾಗಡಿ ರಸ್ತೆ ದಾಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಇವಳ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಪಾತ್ರೆ ಅಂಗಡಿಯಲ್ಲಿ ಒಂದು ಕೊಳಗ, ಎರಡು ತಟ್ಟೆ, ಕುಂಕುಮದ ಬಟ್ಟಲು ಕೊಂಡೆವು. ನಾಲ್ಕು ವೈರ್ ಬ್ಯಾಗೂ ತುಂಬಿದವು. ಒಂದು ಇಪ್ಪತ್ತಕ್ಕೆ ಹೋಟೆಲಿನ ಮುಂದೆ ಬಂದೆವು. ಹತ್ತು ನಿಮಿಷ ಮುಂಚಿತವಾಗಿಯೇ.

ಗಂಡನ ಅಕ್ಕ ಮೆಟ್ಟಿಲು ಹತ್ತಿ ಗಲ್ಲಾದವನಿಗೆ, "ಫ್ಯಾಮಿಲಿ ರೂಮ್ ಖಾಲಿ ಇದೆಯೇನ್ರೀ?" ಎಂದು ಕೇಳಿ, ದೊಡ್ಡ ನಗು ನಕ್ಕು ಹಿಂದೆ ತಿರುಗಿದಳು. ಬೀಗಿತ್ತಿ ಕೆಳಗಡೆಯೇ ನಿಂತಿದ್ದಳು.

"ನಾ ಒಳಗ ಬರಂಗಿಲ್ರಿ. ನಾ ಹೊರಗಿಂದು ಉಣ್ಣಂಗಿಲ್ಲ. ನೀವು ಹೋಗಿ ಉಂಡು ಬರ್ರಿ."

"ಅಯ್ಯೋ, ಶುಚಿಯಾಗಿರುತ್ತೆ ಇಲ್ಲಿ. ಬನ್ನಿ, ಬನ್ನಿ."

"ಶುಚಿ ಮಾತಲ್ರಿ. ನಂದು ಲಿಂಗಪೂಜಿ ನೇಮ ಐತಿ."

ಹುಡುಗನ ಅಕ್ಕ ಮೆಟ್ಟಿಲ ಮಧ್ಯದಲ್ಲಿ ನಿಂತು, ನಿಜವಾಗಿಯೂ ಆಶ್ಚರ್ಯಪಟ್ಟು ಕೇಳಿದಳು: "ನಿಮಗ ಗೊತ್ತಿರಲಿಲ್ಲೇನ್ರಿ? ನೀವೂ ನಮ್ಮವರ ಅಲ್ಲೇನ್ರಿ?"

ನಾನು ಗಂಡನ ಅಕ್ಕನ ಮುಖ ನೋಡಿದೆ. ಎರಡು ವರ್ಷದಿಂದ ನೋಡಬೇಕೆಂದಿದ್ದ ಮುಖ. ನಗು ಹಾಗೇ ಇತ್ತು, ಅದರ ಹಿಂದೆ ಏನೂ ಇರಲಿಲ್ಲ. ಒಪ್ಪಿದ ಸಂಬಂಧ ಬಾಗಿಲವರೆಗೆ ಬಂದು ತಿರುಗಿ ಹೋದರೆ ಎಂಬ ಹೆದರಿಕೆ ಅವಳ ಕಣ್ಣಲ್ಲಿ ಸ್ಪಷ್ಟವಾಗಿ ಕಂಡಿತು. ನನಗೆ ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ, ಹೊಟ್ಟೆ ತಣ್ಣಗಾಗುವಷ್ಟು ಖುಷಿಯಾಯಿತು.

ಬೀಗಿತ್ತಿ ಹೋಗಿ ಹೊಂಗೆ ಮರದ ಕೆಳಗಿನ ಬೆಂಚಿನ ಮೇಲೆ ಕೂತಳು. ಗಂಡನ ಅಕ್ಕ ಕೆಳಗಿಳಿದು ಬಂದಳು. ನಾನು ಮೂರು ಬ್ಯಾಗುಗಳನ್ನು ಅವಳ ಕಾಲ ಬಳಿ ಇಟ್ಟು, ಎಷ್ಟೋ ಸಲ ಮನಸ್ಸಿನಲ್ಲಿ ಆಡಿದ್ದ ಮಾತನ್ನು ಬಾಯಿಬಿಟ್ಟು ಆಡಿದೆ.

"ಅಕ್ಕಾ, ಇಲ್ಲೇ ಕೂತ್ಕೊಂಡು ಈ ಬ್ಯಾಗ್ ಸ್ವಲ್ಪ ನೋಡ್ಕೊಳ್ತೀರಾ?"

ಅವಳು ಕೂತಳು. ಬೆಂಚಿನ ತುದಿಯಲ್ಲಿ, ಹೀಲ್ಸ್ ಬಿಟ್ಟು, ಬೊಬ್ಬೆಯ ಕಾಲನ್ನು ಧೂಳಿಗೆ ಊರಿ, ಚೀಲ ಕಾಯುತ್ತಾ ಕೂತಳು. ನಾನು ಟವೆಲ್ ಸರಿಸಿ ಬುತ್ತಿ ತೆಗೆದು ಬೀಗಿತ್ತಿಯ ಮುಂದಿಟ್ಟು ಎರಡು ಗಂಟನ್ನೂ ಬಿಚ್ಚಿದೆ.

"ರೊಟ್ಟಿ ತಂದೀನ್ರಿ. ನೀವು ಪೂಜಿಯವರು ಅಂತ ನನಗ ಗೊತ್ತಿತ್ತು." ಹೀಗೆಂದಾಗ ಗಂಡನ ಅಕ್ಕ ತಟ್ಟನೆ ತಲೆ ಎತ್ತಿ ನನ್ನನ್ನು ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು. ಅರ್ಥವಾಗಲಿ ಎಂದೇ ಹೇಳಿದ್ದೆ.

ಬೀಗಿತ್ತಿಯ ಮುಖ ಅರಳಿತು. "ಅಯ್ಯ ನನ್ನವ್ವಾ! ನಮ್ಮ ಕಡೆ ರೊಟ್ಟಿ!" ಎಂದು ಬಗ್ಗಿ ವಾಸನೆ ನೋಡಿದಳು. ತನ್ನ ತಂಬಿಗೆಯ ನೀರಿನಲ್ಲಿ ಕೈ ತೊಳೆದಳು. ಒಂದು ರೊಟ್ಟಿಯ ಕಡೆ ಕೈ ಚಾಚಿದವಳು ಹಾಗೇ ತಡೆದು ನನ್ನನ್ನು ನೋಡಿದಳು.

"ನೀನ ಬಡದಿಯೇನವ್ವಾ?"

"ಹೌದ್ರಿ, ನಾನ."

"ಮೈಮ್ಯಾಲೆ ಲಿಂಗ ಐತಿಲ್ಲ?"

ಸಹಜವಾದ ಪ್ರಶ್ನೆ. ಉಪ್ಪು ಹಾಕಿದ್ದೀಯಾ ಎಂದು ಕೇಳುವಷ್ಟೇ ಸಹಜ. ಒಂದು ವಾರ ಹಗಲೂ ರಾತ್ರಿ ಕೂತು ಹಾಕಿದ ಪ್ಲ್ಯಾನಿನಲ್ಲಿ ಈ ಪ್ರಶ್ನೆ ಇರಲಿಲ್ಲ. ಅವ್ವನ ಮಗಳಾಗಿ ಹುಟ್ಟಿ, ಆ ನೇಮದ ಅರ್ಧವನ್ನು ಹಿಡಿದು ಇನ್ನೊಬ್ಬಳನ್ನು ಹಣಿಯಲು ಹೊರಟಿದ್ದೆ. ಇನ್ನರ್ಧ ನನ್ನನ್ನೇ ಕೇಳುತ್ತದೆ ಎಂಬುದು ನನಗೂ ಮರೆತಿತ್ತು. ಅವ್ವ ಊರಿಗೆ ಹೋದ ಸಂಜೆಯೇ ಕರಡಿಗೆ ಟ್ರಂಕಿನ ತಳಕ್ಕೆ ವಾಪಸ್ಸು ಹೋಗಿತ್ತು.

ಐತ್ರಿ ಎಂದುಬಿಟ್ಟರೆ ಮುಗಿಯುತ್ತಿತ್ತು. ಕುತ್ತಿಗೆಯ ತನಕ ಸೆರಗು ಹೊದ್ದಿದ್ದೆ, ಯಾರೂ ಬಗ್ಗಿ ನೋಡುತ್ತಿರಲಿಲ್ಲ. ಗೆಲುವು ಅಂಗೈಯಲ್ಲಿತ್ತು. ನಾನು ದೊಡ್ಡ ಸತ್ಯವಂತೆಯೂ ಅಲ್ಲ. ಆದರೆ ಆ ಹೆಂಗಸು ತೊಳೆದ ಒದ್ದೆ ಕೈಯನ್ನು ರೊಟ್ಟಿಯ ಮೇಲೆ ಹಿಡಿದು, ನನ್ನನ್ನೇ ನಂಬಿ ನೋಡುತ್ತಿದ್ದಳು. ನಾನು ಐತ್ರಿ ಅಂದಿದ್ದರೆ ತಿಂದೇ ಬಿಡುತ್ತಿದ್ದಳು.

"ಇಲ್ರಿ" ಎಂದೆ.

ಅವಳು ಸಿಟ್ಟಾಗಲಿಲ್ಲ, ಮುಖ ಸಿಂಡರಿಸಲಿಲ್ಲ. ಕೈ ಹಿಂದಕ್ಕೆ ತೆಗೆದು, ಅರಿವೆಯ ನಾಲ್ಕು ಮೂಲೆಯನ್ನೂ ಒಂದೊಂದಾಗಿ ಎತ್ತಿ, ಎರಡು ಗಂಟು ಹಾಕಿ, ಬುತ್ತಿಯನ್ನು ನನ್ನ ಮಡಿಲಲ್ಲಿಟ್ಟು ತಲೆ ಸವರಿದಳು.

"ಅದಕ್ಕೇನಾತವ್ವಾ. ಸಿಟಿಯಾಗ ಎಲ್ಲಾರೂ ಹಂಗ. ನನಗ ಹಸಿವಿಲ್ಲ. ನೀ ಉಣ್ಣು."

ಬೆಂಚಿನ ಆ ತುದಿಯಿಂದ ಗಂಡನ ಅಕ್ಕ ಮಾತಾಡಿದಳು. ಅವಳಿಗೆ ನನ್ನ ಮೇಲೆ ಕಿಡಿಕಾರುವ ಹಕ್ಕಿತ್ತು. ಕಿಡಿ ಕಾರಲಿಲ್ಲ, ಸುಸ್ತಾದ ದನಿಯಲ್ಲಿ ಹೇಳಿದಳು.

"ನಿಮ್ಮಮ್ಮನೂ ಹಿಂಗೇ ಮಾಡಿದ್ರು ಕಣೇ. ಇದೇ ಬೆಂಚು. ಗಂಟು ಬಿಚ್ಚಿ ತಿನ್ನಿ, ಮಗಳು ಕಟ್ಟಿಕೊಟ್ಟಿದ್ದಾಳೆ ಅಂತ ನಾನು ಎಷ್ಟು ಹೇಳ್ದೆ. ನನಗ ಹಸಿವಿಲ್ಲ, ಹಸಿವಿಲ್ಲ ಅಂತ ಗಂಟು ತಬ್ಬಿಕೊಂಡು ಕೂತ್ರು. ನನಗೇನು ಗೊತ್ತು ಇದೆಲ್ಲಾ."

ಅವಳು ಎದ್ದು ಬರಿಗಾಲಿನಲ್ಲೇ ರಸ್ತೆ ದಾಟಿದಳು, ಬೀಗಿತ್ತಿಗೆ ಬಾಳೆಹಣ್ಣು, ಎಳನೀರು ತರಲು.

ಹನ್ನೊಂದು ದಿನವೂ ಒಲೆಯ ಮುಂದೆ ಅವ್ವನೇ ಯಾಕೆ ಕೂತಿದ್ದಳು ಎಂದು ನನಗೆ ಗೊತ್ತಾದದ್ದು ಆಗ. ಮೊದಲ ದಿನ ಬೆಳಿಗ್ಗೆ ಇಬ್ಬರೂ ಅಕ್ಕಪಕ್ಕ ಪೂಜೆಗೆ ಕೂತಿದ್ದೆವು. ಅಂಗೈ ಮೇಲೆ ಲಿಂಗವಿಟ್ಟುಕೊಂಡು ಮುಂದೇನು ಮಾಡಬೇಕೆಂದು ತಿಳಿಯದೆ ನಾನು ಓರೆಗಣ್ಣಿನಲ್ಲಿ ಅವ್ವನ ಕೈಯನ್ನೇ ನೋಡಿ ನೋಡಿ ಮಾಡಿದ್ದೆ. ಅವಳು ಕಣ್ಣು ಮುಚ್ಚಿದ್ದಾಳೆ ಎಂದುಕೊಂಡಿದ್ದೆ. ಅವ್ವ ಒಂದು ಮಾತು ಬೈಯಲಿಲ್ಲ. ಕೇಳಿದರೆ ನಾನು ಸುಳ್ಳು ಹೇಳುತ್ತೇನೆಂದು ಕೇಳಲೂ ಇಲ್ಲ. ನನ್ನ ಕೈಯಿಂದ ಅಕ್ಕಿ ಕಿತ್ತುಕೊಂಡಳು, ಅಷ್ಟೆ. ಬುತ್ತಿಯನ್ನು ಬೇಡ ಅಂದರೆ ಮಗಳಿಗೆ ತಿಳಿದುಬಿಡುತ್ತದೆ ಎಂದು ದಿನವಿಡೀ ಹೊತ್ತು ತಿರುಗಿದಳು.

ಗಂಡನ ಅಕ್ಕ ನಕ್ಕಿದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಅವಳು ಹೋದ ಮೇಲೂ ಕ್ಷಮಿಸಿಲ್ಲ. ಆ ನಗು ಅವಳದ್ದೇ. ಹಸಿವು ಮಾತ್ರ ಅವಳು ಕೊಟ್ಟದ್ದಲ್ಲ. ಅವಳ ಮಗಳ ಮದುವೆ ಆ ವೈಶಾಖದಲ್ಲಿ ಅದೇ ಗಿಣಿಹಸಿರು ಸೀರೆಯವರ ಜೊತೆ ಚೆನ್ನಾಗಿಯೇ ಆಯಿತು. ಆ ಶನಿವಾರದ ವಿಷಯವನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆ ಮಧ್ಯಾಹ್ನ ಬೀಗಿತ್ತಿ ಎರಡು ಬಾಳೆಹಣ್ಣು ತಿಂದು ಎಳನೀರು ಕುಡಿದು, "ನಮ್ಮ ಹುಡುಗಿಗೆ ಹಸಿವಾಗೈತಿ, ಕರಕೊಂಡು ಹೋಗ್ರಿ" ಎಂದು ತನ್ನ ಮಗಳನ್ನೂ ಗಂಡನ ಅಕ್ಕನನ್ನೂ ತಾನೇ ಒಳಗೆ ಕಳಿಸಿದಳು. ಒಳಗೆ ಹೋಗುವಾಗ ಗಂಡನ ಅಕ್ಕ ಒಂದು ಗಳಿಗೆ ನಿಂತು, "ಬ್ಯಾಗ್ ನೋಡ್ಕೋತೀಯಲ್ಲ?" ಎಂದಳು. ಕುಟುಕಲು ಹೇಳಿದ್ದಲ್ಲ. ಬ್ಯಾಗುಗಳು ಅಲ್ಲಿದ್ದವು, ನಾನೂ ಅಲ್ಲಿದ್ದೆ.

ನಾನು ಬೆಂಚಿನ ಮೇಲೆ ಕೂತೆ. ಒಳಗಿನಿಂದ ದೋಸೆ ಕಾವಲಿಯ ಮೇಲೆ ನೀರು ಚಿಮುಕಿಸಿದ ಸದ್ದು ಬಂತು. "ಉಣ್ಣವ್ವಾ, ರೊಟ್ಟಿ ಒಣಗತಾವ" ಎಂದು ಬೀಗಿತ್ತಿ ಮತ್ತೆ ಹೇಳಿದಳು. ಎರಡು ಗಂಟೂ ಬಿಚ್ಚಿ ಒಂದು ರೊಟ್ಟಿ ಮುರಿದು, ಎಣ್ಣೆಗಾಯಿ ಹಚ್ಚಿಕೊಂಡು, ಅವಳು ನೋಡುತ್ತಿದ್ದ ಹಾಗೆಯೇ ತಿಂದೆ. ರೊಟ್ಟಿ ಮೆತ್ತಗೆ ಬಂದಿತ್ತು, ಉಪ್ಪು ಸರಿಯಾಗಿತ್ತು. ಅವತ್ತಿನದೂ ಹೀಗೇ ಬಂದಿತ್ತೋ ಏನೋ, ಅವ್ವ ಹೇಳಲಿಲ್ಲ.